ಇಪ್ಪತ್ಮೂರನೆಯ ಮನೆ

ಸಮಾಜಶಾಸ್ತ್ರದ ಎಂ.ಎ. ಎರಡನೆಯ ವರ್ಷ ನಮ್ಮ ಇಳಕಲ್ಲಿನ ನೇಕಾರರ ಮೇಲೆ ಕಿರುಪ್ರಬಂಧ ಬರೆಯಲು ಹೊರಟಿದ್ದೆ. ಆ ಓಣಿಗಳನ್ನು ನನಗಿಂತ ಬಲ್ಲವರು ಯಾರಿದ್ದಾರೆ ಎಂಬ ಸೊಕ್ಕು ಬೇರೆ. ನನ್ನ ಗೈಡ್ ಮೇಡಂ ನಕ್ಕು, ಗ್ರಂಥಾಲಯದಲ್ಲಿದ್ದ ಹಳೆಯ ಪಿಎಚ್.ಡಿ. ಪ್ರಬಂಧವೊಂದನ್ನು ಮೊದಲು ಓದು ಎಂದರು.

ಓದಿದೆ. ಇಪ್ಪತ್ಮೂರನೆಯ ಮನೆ: ಬಾವಿಯ ಪಕ್ಕ, ಎರಡು ಮಗ್ಗ, ಇಬ್ಬರು ಹೆಣ್ಣುಮಕ್ಕಳು, ಹಿರಿಯಳ ಎಡಗೈಗೆ ಆರು ಬೆರಳು. ಹೆಸರಿಲ್ಲ. ಹೆಸರೇಕೆ ಬೇಕು? ಆ ಆರನೆಯ ಬೆರಳು ಹಿಡಿದೇ ನಾನು ನಡೆಯಲು ಕಲಿತವಳು! ನನಗೆ ಪೆಪ್ಪರ್‌ಮಿಂಟ್ ಕೊಟ್ಟು, ಅಪ್ಪನ ಎದುರು ತಾಸುಗಟ್ಟಲೆ ಕೂತು ಬರೆದುಕೊಂಡ ಹೆಂಗಸು ನೆನಪಾದಳು. ಅಪ್ಪನ ಮಾತನ್ನು ಇದ್ದ ಹಾಗೆಯೇ ಪ್ರಬಂಧದಲ್ಲಿ ಇಳಿಸಿದ್ದಳು:

"ದೊಡ್ಡಾಕಿ ಎಸ್ಸೆಸ್ಸೆಲ್ಸಿ ಪಾಸಾಗ್ಯಾಳ್ರಿ. ನಾನ ಸಾಲಿಗೆ ಹೋಗಿ ನೋಡಿ ಬಂದು, ಫೇಲ್ ಆಗೀದಿ ಅಂತ ಹೇಳೇನ್ರಿ. ಇಲ್ಲಂದ್ರ ಕಂಡಿಕಿ ಸುತ್ತಾವ್ರು ಯಾರ್ರಿ?"

ಹಾಳಾಗಿ ಹೋಗಲಿ ಆ ಕಂಡಿಕಿ! ಲಾಳಿಗೆ ಹಾಕುವ ನೂಲಿನ ಆ ಸಣ್ಣ ಉರುಳೆಗಾಗಿ ಅಕ್ಕ ಹದಿನೈದು ವರ್ಷ ರಾಟಿಯ ಮುಂದೆ ಕೂತಿದ್ದಾಳೆ. ಫಲಿತಾಂಶದ ದಿನ ಅವಳು ಗುಡೂರಿನ ಅಜ್ಜಿಯ ಮನೆಯಲ್ಲಿದ್ದಳು. ಬಂದ ಮೇಲೆ ನಾಚಿಕೆಯಿಂದ ಗೆಳತಿಯರಿಗೆ ಮುಖ ತೋರಿಸಲಿಲ್ಲ. ನನಗೆ ಬಾರದ ಲೆಕ್ಕವನ್ನು ರಾಟಿ ತಿರುಗಿಸುತ್ತಲೇ ಬಿಡಿಸಿಕೊಟ್ಟು, "ನನ್ನ ತಲ್ಯಾಗ ಬರೇ ಸಗಣಿ ಐತಿ, ನೀನರ ಓದು" ಎನ್ನುತ್ತಿದ್ದಳು. ಜಗಳವಾದಾಗ ನಾನೂ ಅವಳನ್ನು "ಫೇಲಾದಾಕಿ" ಎಂದು ಹಂಗಿಸಿದ್ದೇನೆ. ಅಪ್ಪ ಆಗ ಪಕ್ಕದಲ್ಲೇ ಇರುತ್ತಿದ್ದ, ಸುಮ್ಮನೆ.

ಮಾಹಿತಿ ಕೊಟ್ಟವರ ಗುಟ್ಟು ಬಿಟ್ಟುಕೊಡಬಾರದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವಳು ನಾನು. ಮಣ್ಣುಪಾಲಾಗಲಿ ಆ ಪಾಠ ಎಂದು ಮರುದಿನವೇ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಅಕ್ಕನಿಗೆಂದು ಪ್ರತಿಸಲ ಕರದಂಟು ಕಟ್ಟಿಸುತ್ತಿದ್ದೆ. ಈ ಸಲ ಇಳಿಯಲೇ ಇಲ್ಲ.

ಅಪ್ಪ ಮಗ್ಗದಲ್ಲಿದ್ದ. ಒಳಕೋಣೆಯಲ್ಲಿ ರಾಟಿ ತಿರುಗುತ್ತಿತ್ತು. ಚೀಲ ಇಳಿಸುವ ಮೊದಲೇ ಕೇಳಿದೆ.

"ಅಕ್ಕ ಪಾಸಾಗಿದ್ಲಲ್ಲಪಾ?"

ಮಗ್ಗ ನಿಂತಿತು. ಯಾರು ಹೇಳಿದರು ಎಂದು ಸಹ ಅವನು ಕೇಳಲಿಲ್ಲ.

"ಹೆಸರು ಬರಿಯೂದಿಲ್ಲಂತ ಆಣಿ ಮಾಡಿದ್ಲಲ್ಲ ಆ ಬರಕೊಂಡು ಹೋದಾಕಿ! ಮೋಸಗಾರ್ತಿ!"

ಚೀಲವನ್ನು ನೆಲಕ್ಕೆ ಒಗೆದೆ. "ಆಕಿ ಹೆಸರು ಬರದಿಲ್ಲ! ಮೋಸ ಮಾಡಿದಾಂವ ನೀ!"

"ನಿನ್ನ ಓದಿಸೇನಿಲ್ಲ?" ಅಪ್ಪ ತಲೆ ಎತ್ತದೆ ಹೇಳಿದ. "ಆಕಿ ಸುತ್ತಿದ್ದಕ್ಕ ನೀ ಓದೀದಿ. ತಿಳ್ಕೋ."

ಖರೆ ಮಾತು, ಹಾಳಾದ್ದು. ನನ್ನ ಎಂ.ಎ. ನಡೆದದ್ದು ಅವಳ ರಾಟಿಯ ಮೇಲೆ.

ರಾಟಿಯ ಸದ್ದು ಯಾವಾಗ ನಿಂತಿತ್ತೋ ಗೊತ್ತಾಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಕೆಂಪು ರೇಷ್ಮೆಯ ಎಳೆ ಸುತ್ತಿಕೊಂಡಿತ್ತು. ಅಪ್ಪನ ಕಡೆ ನೋಡಲೇ ಇಲ್ಲ. ನನ್ನ ಹತ್ತಿರ ಬಂದು, ಅಳುಕುತ್ತ, ಮೆಲ್ಲಗೆ ಕೇಳಿದಳು:

"ಗಣಿತದಾಗ ಎಷ್ಟು ಬಂದಿದ್ವಂತ? ಅದನ್ನೇನರ ಬರದಾರೇನು?"