ಕಾಯುವುದನ್ನೂ ಕಲಿಸಿದ ವಿನೋದಿನಿ ಅಂಚನ್

ಮುಂಬಯಿಯ ಶಸ್ತ್ರಚಿಕಿತ್ಸಾ ಬೋಧನೆಯ ಕ್ಷೇತ್ರದಲ್ಲಿ ಮೂರು ದಶಕಗಳಿಂದ ಗೌರವದಿಂದ ಕೇಳಿಬರುತ್ತಿರುವ ಹೆಸರು ಪ್ರಾಧ್ಯಾಪಕಿ ಡಾ. ವಿನೋದಿನಿ ಅಂಚನ್ ಅವರದು. ಅವರ ಕೈಚಳಕವನ್ನು ಹೊಗಳಲು ಶಿಷ್ಯರಿದ್ದಾರೆ. ಸ್ವಭಾವವನ್ನು ಬಲ್ಲವನು ಅರಿವಳಿಕೆ ವೈದ್ಯನಾದ ನಾನು. ರೋಗಿಯನ್ನು ನಿದ್ದೆಗೆ ಕಳಿಸಿ ಅವನ ತಲೆಯ ಬಳಿ ಕುಳಿತವನಿಗೆ ಶಸ್ತ್ರಚಿಕಿತ್ಸಕರ ಸಿಟ್ಟು, ಸೆಡವು, ಅಹಂಕಾರಗಳೆಲ್ಲ ಪುಕ್ಕಟೆಯಾಗಿ ನೋಡಲು ಸಿಗುತ್ತವೆ. ವಿನೋದಿನಿಯವರಲ್ಲಿ ಸಿಟ್ಟು ಧಾರಾಳ, ಅಹಂಕಾರ ಮಾತ್ರ ಇಲ್ಲವೇ ಇಲ್ಲ.

ಕಲಬುರಗಿಯಿಂದ ಬಂದ ಹೊಸತರಲ್ಲಿ ನನಗೆ ಇಲ್ಲಿನ ಊಟ ಒಗ್ಗಲಿಲ್ಲ. ಅದನ್ನು ತಿಳಿದ ಅವರು ಮಾಟುಂಗದ ತಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯಲು ಕಲಿತು, ಡಬ್ಬಿಯಲ್ಲಿ ಕಟ್ಟಿ ತಂದರು. ರೊಟ್ಟಿ ಮುರಿಯಲು ಅವರದೇ ಇಕ್ಕಳ ಬೇಕಾಗಿತ್ತು. ಆದರೂ ಕಣ್ಣು ತುಂಬಿ ತಿಂದೆ.

ಕೊರೊನಾ ಕಾಲದಲ್ಲಿ ಶಸ್ತ್ರಕ್ರಿಯೆಗಳು ನಿಂತು ವಿದ್ಯಾರ್ಥಿಗಳು ಮನೆ ಸೇರಿದಾಗ, ಅವರು ತಮ್ಮ ಶಸ್ತ್ರಕ್ರಿಯೆಗಳ ಹಳೆಯ ಚಿತ್ರೀಕರಣಗಳನ್ನು ಒಟ್ಟುಗೂಡಿಸಿ, ತಂತ್ರಜ್ಞ ಜುಲ್ಫಿಕಾರರ ನೆರವಿನಿಂದ ಚಿತ್ರ, ಧ್ವನಿ, ವಿವರಣೆ ಸೇರಿಸಿ ಆನ್‌ಲೈನ್ ಪಾಠಗಳನ್ನು ಸಿದ್ಧಪಡಿಸಿದರು. ಫಲ ಬೆರಗಾಗುವಂತಿತ್ತು. ಲಾಕ್‌ಡೌನ್ ಮುಗಿದ ಮೇಲೆ ಲೋಕಲ್ ರೈಲಿನಲ್ಲಿ ನಿಂತೇ ಪಾಠ ನೋಡಿದ ಹುಡುಗರು, ಆಪರೇಷನ್ ಥಿಯೇಟರಿಗೆ ಬಂದಾಗ ಮುಂದಿನ ಹಂತ ಯಾವುದೆಂದು ಕೇಳುವ ಮೊದಲೇ ಹೇಳುತ್ತಿದ್ದರು. ಕಾಲೇಜಿನವರು ಹಿರಿಹಿರಿ ಹಿಗ್ಗಿದರು.

ಒಂದು ದಿನ, ಫೋರ್ಟ್ ಪ್ರದೇಶದ ಉಡುಪಿ ಹೋಟೆಲೊಂದರಲ್ಲಿ ಅಡುಗೆ ಮಾಡುವ ಕಾಶಿನಾಥ ಎಂಬುವರ ಪಿತ್ತಕೋಶ ತೆಗೆಯುವ ಕೆಲಸವನ್ನು ವಿನೋದಿನಿಯವರು ವಿದ್ಯಾರ್ಥಿನಿ ಹರಿಣಿಗೆ ವಹಿಸಿ, ತಾವು ಪಕ್ಕದಲ್ಲಿ ನಿಂತಿದ್ದರು. ಕೆಲಸ ಸಲೀಸಾಗಿಯೇ ಸಾಗಿತ್ತು. ಅಷ್ಟರಲ್ಲಿ ಹೊಟ್ಟೆಯೊಳಗಿನ ಕ್ಯಾಮೆರಾದ ದೃಶ್ಯ ತೋರಿಸುವ ಮಾನಿಟರಿನ ಪರದೆ ರಕ್ತದಿಂದ ಕೆಂಪಾಯಿತು. ಹರಿಣಿ ಪಾಠದಲ್ಲಿದ್ದಂತೆ ಇಕ್ಕಳದಿಂದ ಗಾಜ್ ಬಟ್ಟೆ ಒತ್ತಿದಳು, ತಕ್ಷಣ ತೆಗೆದಳು. ರಕ್ತ ಉಕ್ಕಿತು. ಮತ್ತೆ ಒತ್ತಿದಳು, ಮತ್ತೆ ತೆಗೆದಳು.

“ಬಿ.ಪಿ. ಇಳೀಲಾಕತ್ತದ ಮೇಡಂ,” ಎಂದೆ.

ವಿನೋದಿನಿಯವರು ಅವಳ ಮಣಿಕಟ್ಟು ಹಿಡಿದರು. “ತೆಗೀಬೇಡ ಮಾರಾಯ್ತಿ. ಒತ್ತಿ ಹಿಡಿ. ಎಂತ ಅವಸರ ನಿಂಗೆ?”

“ಲೇಕಿನ್ ಮೇಡಂ, ವಿಡಿಯೋದಲ್ಲಿ ಒತ್ತಿದ ಕೂಡಲೇ ನಿಂತಿತ್ತು!” ಎಂದಳು ಹರಿಣಿ.

ರಕ್ತ ನಿಲ್ಲುವವರೆಗೂ ಮೇಡಂ ಆ ಕೈ ಬಿಡಲಿಲ್ಲ. ಕಾಶಿನಾಥ ಉಳಿದರು.

ಹೊರಗೆ ಹರಿಣಿ ಬಿಕ್ಕಿ ಬಿಕ್ಕಿ ಅತ್ತು, ತಾನು ಸರ್ಜರಿಯನ್ನೇ ಬಿಡುವುದಾಗಿ ಹೇಳಿದಳು. ಆಗ ವಿನೋದಿನಿಯವರು ಹೇಳಿದ್ದನ್ನು ನಾನು ಮರೆಯಲಾರೆ. ಒತ್ತಿ ಹಿಡಿದು ಕಾಯುವ ಅಷ್ಟೂ ಭಾಗವನ್ನು, ಅಲ್ಲಿ ಏನೂ ನಡೆಯುವುದಿಲ್ಲ, ನೋಡುವವರಿಗೆ ಬೇಸರ ಎಂದು ಪಾಠದಿಂದ ಕತ್ತರಿಸಿದ್ದು ತಾವೇ ಎಂದರು. “ನೀನು ನಾನು ತೋರಿಸಿದ ಹಾಗೇ ಮಾಡಿದ್ದಿ. ತಪ್ಪು ನಂದು.”

ಅಷ್ಟಕ್ಕೇ ಬಿಟ್ಟಿದ್ದರೆ ಅವರು ವಿನೋದಿನಿ ಅಂಚನ್ ಆಗುತ್ತಿರಲಿಲ್ಲ. ಕಾಶಿನಾಥರ ಮತ್ತು ಹರಿಣಿಯ ಒಪ್ಪಿಗೆ ಪಡೆದು, ಆ ದಿನದ ಚಿತ್ರೀಕರಣವನ್ನೇ ಒಂದು ಚೂರೂ ಕತ್ತರಿಸದೆ ಹೊಸ ಪಾಠವಾಗಿಸಿದರು. ಹರಿಣಿಯ ಹೆಸರು ಅದರಲ್ಲಿರಲಿಲ್ಲ. ಮೊದಲಿಗೇ ತಮ್ಮ ಹೆಸರು ಹೇಳಿ, ತಮ್ಮ ಪಾಠದ ಲೋಪವನ್ನು ವಿವರಿಸಿದರು. ಕಾಲೇಜಿನ ಮಾನ ಹೋಗುತ್ತದೆಂದು ಮೇಲಿನವರು ಮುಖ ಸಿಂಡರಿಸಿದರು. ವಿಭಾಗದ ಮುಖ್ಯಸ್ಥರ ಹುದ್ದೆ ಆ ವರ್ಷ ಅವರ ಕೈತಪ್ಪಿತು. ಕಾರಣವನ್ನು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನನಗಂತೂ ಇಂದಿಗೂ ಆ ಬಗ್ಗೆ ಹೊಟ್ಟೆ ಉರಿಯುತ್ತದೆ.

ಹರಿಣಿ ಸರ್ಜರಿ ಬಿಡಲಿಲ್ಲ. ಈಗ ನಮ್ಮಲ್ಲೇ ಸಹಾಯಕ ಪ್ರಾಧ್ಯಾಪಕಿ. ನಿವೃತ್ತರಾಗುತ್ತಿರುವ ವಿನೋದಿನಿಯವರು ಆನ್‌ಲೈನ್ ಪಾಠಗಳನ್ನು ಮುಂದುವರಿಸುವುದಾಗಿ ಹೇಳಿರುವುದು ನಮ್ಮ ಪುಣ್ಯ. ಅವರಿಗೆ ಆಯುರಾರೋಗ್ಯಗಳು ಒದಗಲಿ, ಅವರ ಬೈಗುಳ ಬಹುಕಾಲ ನಮ್ಮ ಕಿವಿಗೆ ಬೀಳುತ್ತಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಮೊನ್ನೆ ಹೊಸ ತಂಡಕ್ಕೆ ಹರಿಣಿ ಆ ವಿಡಿಯೋ ತೋರಿಸುವಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ಪರದೆಯ ಮೇಲೆ ಇಕ್ಕಳ ನಡುಗುತ್ತಿತ್ತು. ಯಾರೋ ಕಿಸಕ್ಕನೆ ನಕ್ಕರು.

ಹರಿಣಿ ಚಿತ್ರವನ್ನು ನಿಲ್ಲಿಸಿ, “ಇಕ್ಕಳ ಹಿಡಿದವಳು ನಾನೇ,” ಎಂದಳು.