ಬೋಳಾದ ಮಲ್ಲಿಗೆ

ಬಟವಾಡಿಯ ನಮ್ಮ ಮನೆಯ ಹೂದೋಟ ಎಂದರೆ ಗೇಟಿನಿಂದ ಮೆಟ್ಟಿಲವರೆಗಿನ ಒಂದು ಪಟ್ಟಿ ಮಣ್ಣು, ಪಕ್ಕದಲ್ಲಿ ಹಳೆಯ ಪೇಂಟ್ ಡಬ್ಬಿಗಳ ಸಾಲು. ಡಬ್ಬಿಗಳಲ್ಲಿ ಕನಕಾಂಬರ, ದಾಸವಾಳ, ನಮ್ಮ ಯಜಮಾನರ ಎರಡು ಗುಲಾಬಿ. ಮಣ್ಣಿನಲ್ಲಿ ಇರುವುದು ಒಂದೇ ಒಂದು ದುಂಡು ಮಲ್ಲಿಗೆ. ಕುಣಿಗಲ್ಲಿನ ನನ್ನ ತವರಿನಿಂದ ಕಡ್ಡಿ ತಂದು ನೆಟ್ಟಿದ್ದು. ಆಮೇಲೆ ಅಲ್ಲಿ ಮನೆ ಕಟ್ಟಿಸುವಾಗ ತಾಯಿಗಿಡದ ಮೇಲೆ ಲೋಡುಗಟ್ಟಲೆ ಜಲ್ಲಿ ಸುರಿದರು. ಉಳಿದದ್ದು ನಮ್ಮದೊಂದೇ. ಹಾಗಾಗಿ ಅದರ ಒಂದೆಲೆ ಕೀಳಲೂ ನನಗೆ ಮನಸ್ಸು ಬರುತ್ತಿರಲಿಲ್ಲ. ಎಂಟು ವರ್ಷದಲ್ಲಿ ಎದೆಮಟ್ಟ ಬೆಳೆದು, ಹಸಿರಾಗಿ ಕೊಬ್ಬಿ, ಬೇಸಿಗೆಗೆ ಹದಿನೈದೋ ಇಪ್ಪತ್ತೋ ಹೂ ಬಿಡುತ್ತಿತ್ತು. ಬೈಕು ಒಳಗೆ ತರುವಾಗ ಕೊಂಬೆ ತಾಗಿದರೆ ಇವರು, “ನಿಮ್ಮಮ್ಮನ ಮನೆ ಗಿಡ ದಾರಿ ಬಿಡಲ್ಲ ಕಣೇ” ಎನ್ನುತ್ತಿದ್ದರು.

ಈ ಸಲ ಶಿವರಾತ್ರಿ ಕಳೆದ ಮೇಲೆ ಎರಡು ದಿನ ಕುಣಿಗಲ್ಲಿಗೆ ಹೋಗಿ ಬಂದೆ. ಗೇಟು ತೆಗೆದರೆ ಮಲ್ಲಿಗೆಯ ಜಾಗದಲ್ಲಿ ಕಡ್ಡಿಗಳ ಕಂತೆ ನಿಂತಿದೆ.

“ಏನ್ರೀ ಇದು?”

ಇವರಿಗೆ ಗುಬ್ಬಿಯಲ್ಲಿ ಕೆಲಸ. ಸಂತೆಯ ದಿನ ತರಕಾರಿಯ ಜೊತೆಗೆ ಬುದ್ಧಿಮಾತನ್ನೂ ಹೊತ್ತು ತರುತ್ತಾರೆ. “ಸಂತೇಲಿ ಹೂ ಮಾರೋ ಅಜ್ಜಿ ಹೇಳ್ತು. ಬೇಸಿಗೆಗೆ ಮುಂಚೆ ಎಲೆ ಬೋಳಿಸಿ, ಎಂಟು ದಿನ ನೀರು ಹಾಕ್ಬಾರ್ದಂತೆ. ಆಗ ಮೊಗ್ಗು ಜಾಸ್ತಿಯಂತೆ.”

“ಅಜ್ಜಿ ಹೇಳಿದ್ರೆ ನಿಮ್ಮ ತಲೇನೂ ಬೋಳಿಸ್ಕೋತೀರಾ?”

“ಇಲ್ಲೇನಿದೆ ಬೋಳಿಸೋಕೆ” ಎಂದು ನೆತ್ತಿ ಸವರಿಕೊಂಡರು.

ನಗು ಬಂತು, ಆದರೆ ನಗಲಿಲ್ಲ. ಇದು ಒಣಗಿದರೆ ಇನ್ನೊಂದು ಕಡ್ಡಿ ತರಲು ತವರಿನಲ್ಲೂ ಗಿಡವಿರಲಿಲ್ಲ. ಮೇಲಾಗಿ ಮುಂದಿನ ವಾರ ಅಮ್ಮ ಕಣ್ಣು ತೋರಿಸಲು ಬರುವವಳಿದ್ದಳು.

“ಅಮ್ಮನಿಗೆ ಏನ್ ಹೇಳ್ಲಿ?”

“ಅವರಿಗೆ ಕಣ್ಣಿಗೆ ಪೊರೆ ಬಂದಿದ್ಯಲ್ಲ. ಕಾಣಲ್ಲ ಬಿಡು.”

ಮೂರನೆಯ ಬೆಳಿಗ್ಗೆ ತಡೆಯಲಾಗದೆ, ಇವರು ಸ್ನಾನಕ್ಕೆ ಹೋದಾಗ ಅಕ್ಕಿ ತೊಳೆದ ನೀರನ್ನು ಬುಡಕ್ಕೆ ಸುರಿದೆ. ಸ್ನಾನ ಮುಗಿಸಿ ಬಂದವರು ಬಗ್ಗಿ ಮಣ್ಣು ಮುಟ್ಟಿ ನೋಡಿದರು. “ಯಾರು ನೀರು ಹಾಕಿದ್ದು?”

“ಬೆಕ್ಕಿರಬೇಕು.”

“ಬೆಕ್ಕು ಸೋನಾ ಮಸೂರಿ ತೊಳೆಯುತ್ತಾ?” ಬೆರಳ ತುದಿಯಲ್ಲಿ ನಾಲ್ಕು ಅಕ್ಕಿಕಾಳು ಎತ್ತಿ ತೋರಿಸಿದರು.

ಅಮ್ಮ ಬಂದಳು. ಆಟೋ ಇಳಿದು ಇವರನ್ನೂ ಮಾತಾಡಿಸದೆ, ನನ್ನನ್ನೂ ನೋಡದೆ ನೆಟ್ಟಗೆ ಗಿಡದ ಬಳಿ ನಡೆದಳು. ಕಡ್ಡಿಯೊಂದನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರಿತ್ತು.

“ಯಾರು ಬೋಳಿಸಿದ್ದು?”

ನಾನು ಇವರ ಕಡೆ ಕೈ ತೋರಿಸಿದೆ. ಇವರು ಬೈಕಿನ ಕನ್ನಡಿ ಒರೆಸತೊಡಗಿದರು.

“ಸದ್ಯ. ಈ ಮನೇಲಿ ಒಬ್ರಿಗಾದ್ರೂ ಗೊತ್ತಲ್ಲ” ಎಂದಳು ಅಮ್ಮ. “ಎಂಟು ವರ್ಷದಿಂದ ಇವಳು ಸೊಪ್ಪು ಬೆಳೀತಾವ್ಳೆ. ನಾನು ವರ್ಷಾ ವರ್ಷಾ ಎಲೆ ಬಿಡಿಸಿ ಮೇಕೆಗೆ ಹಾಕ್ತಿದ್ದೆ.”

“ನನಗ್ಯಾಕೆ ಹೇಳ್ಲಿಲ್ಲ?”

“ನೀನ್ ಯಾವತ್ತು ಕೇಳ್ದೆ? ಕಟ್ಟಿಕೊಟ್ಟಿದ್ದನ್ನ ಮುಡ್ಕೊಂಡು ಹೋದೆ.”

ಅಂದು ಊಟಕ್ಕೆ ಅಳಿಯಂದಿರ ಎಲೆಗೆ ಅಮ್ಮನೇ ಎದ್ದು ಎರಡು ಸಲ ತುಪ್ಪ ಬಡಿಸಿದಳು. ನಾನು ಮಾತ್ರ ಎಲೆ ಚಿಗುರುವವರೆಗೂ ದಿನಾ ಕಡ್ಡಿ ಕೆರೆದು ನೋಡುತ್ತಲೇ ಇದ್ದೆ.

ಯುಗಾದಿ ಕಳೆದು ಎರಡು ವಾರಕ್ಕೆ ಚಿಗುರಿನ ತುದಿ ತುದಿಯಲ್ಲೂ ಮೊಗ್ಗು. ಒಂದು ಭಾನುವಾರ ಸಂಜೆ ಬಟ್ಟಲು ಹಿಡಿದು ಹೊರಗೆ ಬಂದೆ. ಇವರು ಗಿಡಕ್ಕೆ ಅಡ್ಡ ನಿಂತರು.

“ಇವತ್ತು ಬೇಡ ಕಣೇ. ಗಿಡದಲ್ಲೇ ಚೆಂದ ಕಾಣ್ತವೆ.”

“ನಾಳೆ ಉದುರ್ತವೆ.”

“ಉದುರಲಿ ಬಿಡು. ನನ್ನ ಗಿಡ, ನನ್ನಿಷ್ಟ.”

ಒಂದೆಲೆ ಬಿಡದೆ ಬೋಳಿಸಿದ ಮನುಷ್ಯ. ನಾನು ವಾದಕ್ಕಿಳಿಯಲಿಲ್ಲ. ಅಮ್ಮನಿಗೆ ಫೋನ್ ಹಚ್ಚಿ ಇವರ ಕೈಗೆ ಕೊಟ್ಟೆ. ಸಂತೆಯ ಅಜ್ಜಿಯಿಂದ ಶುರುವಾದ ಇವರ ಹೆಮ್ಮೆಯ ಮಾತು ಮೊದಲ ಮೊಗ್ಗಿಗೆ ಬರುವಷ್ಟರಲ್ಲಿ ಇವರು ಅಡ್ಡಾಡುತ್ತಾ ಗೇಟಿನಾಚೆಗೆ ಹೋಗಿದ್ದರು, ನನ್ನ ಬಟ್ಟಲು ಅರ್ಧ ತುಂಬಿತ್ತು. ಇವರಿಗೆ ಗೇಟಿನಿಂದ ಕಾಣುವ ಮೊಗ್ಗುಗಳನ್ನು ಮಾತ್ರ ಮುಟ್ಟಲಿಲ್ಲ.