ತವರಿನ ಕಡೆಯ ಡಾಕ್ಟರು

ಚಿಕಲಠಾಣಾದ ಈ ಕ್ಲಿನಿಕ್ಕಿನ ಬಾಗಿಲಲ್ಲಿ ಸ್ಯಾನಿಟೈಸರಿನ ಬಾಟಲಿ ಇನ್ನೂ ಇದೆ. ಇವತ್ತು ಅದರ ವಾಸನೆ ಮೂಗಿಗೆ ಬಡಿದದ್ದೇ ಹಳೆಯ ಸಿಟ್ಟೊಂದು ಹೊಸದಾಗಿ ಬಂತು. ಆಯಿ, ನನ್ನ ತಂದೆಯ ತಾಯಿ, ಎಂದಿನಂತೆ "ನೀ ಹೊರಗ ಕುಂದ್ರು" ಎಂದು ಒಬ್ಬಳೇ ಒಳಗೆ ಹೋದಳು. ಇದು ನನಗೆ ವಿಧಿಸಿದ ಶಿಕ್ಷೆ. ಅಪರಾಧ ಏನೆಂದು ನೀವೇ ಕೇಳಿ ತೀರ್ಮಾನಿಸಿ.

ಆಯಿ ಇರುವುದು ಇಲ್ಲೇ ಸಂಭಾಜಿನಗರದಲ್ಲಿ, ಕಾಕಾನ ಮನೆಯಲ್ಲಿ. ಎಂಟು ದಿನಕ್ಕೆಂದು ನಾಶಿಕದ ನಮ್ಮ ಮನೆಗೆ ಬಂದವಳು ಲಾಕ್‌ಡೌನ್ ಆಗಿ ಅಲ್ಲೇ ಸಿಕ್ಕಿಕೊಂಡಳು. ಕಾಲಿಗೆ ಬಾವು ಬಂತು, ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು. ಅವಳ ಹೃದಯ ದುರ್ಬಲ, ಕಾಯುವಂತಿರಲಿಲ್ಲ. ನಾಶಿಕದಲ್ಲಿ ಡಾಕ್ಟರುಗಳಿಗೇನು ಬರವೇ? ಆದರೆ ಅವಳಿಗೆ ಈ ಕ್ಲಿನಿಕ್ಕಿನ ಡಾಕ್ಟರೇ ಬೇಕು. ಇವರು ಭಾಲ್ಕಿಯವರು, ಅವಳ ತವರೂರಿನವರು. ಸರಿ, ವಿಡಿಯೊ ಕಾಲ್ ಗೊತ್ತುಮಾಡಿದೆ.

ಆಯಿ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ, ತಲೆಯ ಮೇಲೆ ಸೆರಗು ಹೊದ್ದು ನೆಟ್ಟಗೆ ಕುಳಿತಳು.

"ಹ್ಯಾಂಗಿದ್ದೀರಿ ಅಮ್ಮಾ?" ಎಂದರು ಡಾಕ್ಟರು.

"ಆರಾಮ ಇದ್ದೀನ್ರಿ. ನಿಮ್ಮ ಅವ್ವಾರು ಹ್ಯಾಂಗಿದ್ದಾರ?"

"ಅವ್ರು ಛಲೋ ಇದ್ದಾರ. ನಿಮಗ ದಮ್ಮು ಗಿಮ್ಮು ಹತ್ತತದೇನು?"

"ಎಲ್ಲಿದ್ರಿ. ಮಗ ಸೊಸಿ ಹೂವಿನಂಗ ನೋಡ್ಕೋತಾರ."

ಸೊಸೆಯ ಬಗ್ಗೆ ಯಾರು ಕೇಳಿದ್ದರು? ತವರಿನವರ ಮುಂದೆ ನೋವು ಹೇಳಿಕೊಂಡರೆ ಕೊಟ್ಟ ಮನೆಗೆ ಕೆಟ್ಟ ಹೆಸರು ಎಂಬುದು ಅವಳ ಕಾಲದ ಹೆಂಗಸರ ಲೆಕ್ಕ. ಕ್ಲಿನಿಕ್ಕಿನಲ್ಲಾದರೆ ಅವಳು ಆರಾಮ ಎನ್ನುತ್ತಿರುವಾಗಲೇ ಡಾಕ್ಟರು ಕಾಲು ಒತ್ತಿ ನೋಡಿ ಮುಗಿಸುತ್ತಿದ್ದರು. ಫೋನಿನಲ್ಲಿ ಅವರಿಗೆ ಸಿಕ್ಕಿದ್ದು ಅವಳ ಮಾತು ಮಾತ್ರ.

"ಹಂಗಾದ್ರ ಅವೇ ಗುಳಿಗಿ ತೊಗೋರಿ" ಎಂದು ಅವರು ಮುಗಿಸಲು ಹೊರಟರು. ನನ್ನ ಜ್ವರವನ್ನೇ ಮನೆಯಲ್ಲಿ ಯಾರಿಗೂ ಹೇಳದ ನಾನು ಆಗ ಬಗ್ಗಿ, ಅವಳ ಸೀರೆಯ ಅಂಚು ಮೇಲೆತ್ತಿ, ಫೋನನ್ನು ಪಾದಕ್ಕೆ ಹಿಡಿದು ಬೆರಳಿನಿಂದ ಒತ್ತಿದೆ. ಬಿದ್ದ ಕುಳಿ ಹಾಗೆಯೇ ಉಳಿಯಿತು.

"ಈಗಿಂದೀಗ ದವಾಖಾನಿಗಿ ಒಯ್ರಿ" ಎಂದರು ಡಾಕ್ಟರು.

ಆರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಬಂದವಳು ಹೇಳಿದ್ದು ಇಷ್ಟು: "ತವರಿನವರ ಮುಂದ ಕಾಲು ಬಿಚ್ಚಿ ತೋರ್ಸಿದಿ. ಭಾಳ ಓದಿದಾಕಿ ನೀ." ಒಂದು ಒಳ್ಳೆಯ ಮಾತನ್ನು ನಿರೀಕ್ಷಿಸಿದ್ದು ನನ್ನದೇ ತಪ್ಪು. ಅಂದಿನಿಂದ, ತಿಂಗಳಿಗೊಮ್ಮೆ ನಾಶಿಕದಿಂದ ಬಂದು ಅವಳನ್ನು ಇಲ್ಲಿಗೆ ಕರೆತರುವವಳು ನಾನೇ ಆದರೂ, ನನ್ನ ಜಾಗ ಹೊರಗಿನ ಬೆಂಚು.

ಇವತ್ತು ಅರ್ಧ ಗಂಟೆಯಾದ ಮೇಲೆ ಹೊರಗೆ ಬಂದಳು. ರಿಕ್ಷಾದಲ್ಲಿ ಕುಳಿತ ಮೇಲೆ ತಾನಾಗಿಯೇ ಹೇಳಿದಳು: "ಮೆಟ್ಟಲ ಹತ್ತಿದ್ರ ದಮ್ಮು ಬರ್ತದ ಅಂತ ಹೇಳ್ದೆ. ಗುಳಿಗಿ ಬದ್ಲಿ ಮಾಡ್ಯಾರ."

"ಡಾಕ್ಟರಿಗೆ ಹೇಳಿದಿ ಏನು? ನೀನೇ?"

"ಪ್ರತಿ ಸಲ ಹೇಳ್ತೀನಿ."

"ಅವಾಗ ಫೋನಿನ್ಯಾಗ ಹೇಳಾಕ ಏನಾಗಿತ್ತು ಆಯಿ?"

"ಅವಾಗ ನೀ ಬಾಜೂಕ ಕುಂತಿದ್ದಿ. ಮನಿ ಮಂದಿ ಎದುರಿಗೇ ಹ್ಯಾಂಗ ಹೇಳ್ಲಿ?"

ಇಷ್ಟು ವರ್ಷ ಇದನ್ನು ನನಗೆ ಹೇಳಲು ಇವಳಿಗೇನು ಧಾಡಿಯಾಗಿತ್ತು? ಮುಂದಿನ ತಿಂಗಳು ಬೆಂಚಿನ ಮೇಲೆ ಓದಲು ಒಂದು ದಪ್ಪ ಪುಸ್ತಕ ತರಬೇಕು.